ಏಕಾಏಕಿ ನಿಧಾನವಾದ ಕಂಪ್ಯೂಟರ್: ಕಾರಣ ಹುಡುಕುವ ಕ್ರಮ

ನಿನ್ನೆಯವರೆಗೆ ಸರಾಗವಾಗಿ ನಡೆಯುತ್ತಿದ್ದ ಡೆಸ್ಕ್‌ಟಾಪ್ ಕಂಪ್ಯೂಟರ್ ಇಂದು ಏಕಾಏಕಿ ನಿಧಾನವಾದರೆ, ಅದಕ್ಕೆ ಗುರುತಿಸಬಹುದಾದ ಕಾರಣವೊಂದು ಇರುತ್ತದೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ನಿಧಾನವಾಗುವುದು ಬೇರೆ ಮಾತು: ತಂತ್ರಾಂಶಗಳು ಭಾರವಾಗುತ್ತ ಹೋಗುತ್ತವೆ, ಯಂತ್ರ ಮಾತ್ರ ಹಳೆಯದೇ ಆಗಿರುತ್ತದೆ. ದಿಢೀರನೆ ವೇಗ ಕುಸಿದರೆ ವಯಸ್ಸನ್ನು ದೂರಿ ಪ್ರಯೋಜನವಿಲ್ಲ. ಡಿಸ್ಕ್, ರ‍್ಯಾಮ್, ಪ್ರೊಸೆಸರ್, ಇಂಟರ್‌ನೆಟ್ ಸಂಪರ್ಕ ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಕೆಲಸ ಕಟ್ಟಿಕೊಂಡಿರುತ್ತದೆ. ಎಲ್ಲಿ ಎಂಬುದನ್ನು ಮೊದಲು ಪತ್ತೆ ಮಾಡಿ, ರಿಪೇರಿಗೆ ಆಮೇಲೆ ಕೈಹಾಕಬೇಕು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಡೆಸ್ಕ್‌ಟಾಪ್ ಇಂದಿಗೂ ದುಡಿಯುವ ಯಂತ್ರ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ನಾಡಕಚೇರಿ, ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ, ಸಹಕಾರ ಸಂಘಗಳ ಕೆಲಸ ಅದರ ಮೇಲೆಯೇ ನಡೆಯುತ್ತಿದೆ. ಆನವಟ್ಟಿ, ಶಿರಾಳಕೊಪ್ಪದಂಥ ಊರುಗಳ ಜೆರಾಕ್ಸ್ ಅಂಗಡಿಗಳಿಗೂ ಅದೇ ಆಧಾರ. ಸಿಸ್ಟಮ್ ಹ್ಯಾಂಗ್ ಆದರೆ ಎದುರಿಗಿರುವ ಸಾಲು ಅಲ್ಲೇ ನಿಲ್ಲುತ್ತದೆ. ಆ ಅವಸರದಲ್ಲಿ ಎಲ್ಲರಿಗೂ ಹೊಳೆಯುವ ಪರಿಹಾರ ‘ಫಾರ್ಮ್ಯಾಟ್ ಹೊಡೆಸುವುದು’. ಅನೇಕ ಸಲ ಅದರಿಂದ ಕಾರಣ ಹಾಗೆಯೇ ಉಳಿದು, ಕಡತಗಳು ಮಾತ್ರ ಹೋಗುತ್ತವೆ.

ಯಂತ್ರ ನಿಧಾನವೋ, ಲೈನ್ ನಿಧಾನವೋ

ಮೊದಲು ತೀರ್ಮಾನವಾಗಬೇಕಾದ್ದು ಇದು. ಇಂಟರ್‌ನೆಟ್ ಬೇಡದ ಒಂದು ಕೆಲಸ ಮಾಡಿ ನೋಡಿದರೆ ಸಾಕು: ‘ನುಡಿ’ ತಂತ್ರಾಂಶದಲ್ಲಿ ಒಂದು ಪುಟ ಟೈಪ್ ಮಾಡುವುದು, ಫೋಲ್ಡರ್ ತೆರೆಯುವುದು, ಡಿಸ್ಕಿನಲ್ಲಿರುವ ಫೋಟೊ ನೋಡುವುದು. ಇವೆಲ್ಲ ಚುರುಕಾಗಿ ನಡೆದು ಸೇವಾ ಸಿಂಧುವಿನಂಥ ಜಾಲತಾಣ ಮಾತ್ರ ಸುತ್ತುತ್ತ ಕುಳಿತರೆ ಕಂಪ್ಯೂಟರಿನ ತಪ್ಪಿಲ್ಲ. ಅದೇ ತಾಣವನ್ನು ಮೊಬೈಲ್ ಡೇಟಾದಲ್ಲಿ ಫೋನಿನಿಂದ ತೆರೆದು ನೋಡಬೇಕು. ಅಲ್ಲೂ ತೆರೆಯದಿದ್ದರೆ ಸರ್ವರ್ ಮೇಲೆ ಒತ್ತಡವಿದೆ. ಅರ್ಜಿಯ ಕೊನೆಯ ದಿನಗಳಲ್ಲಿ ಇದು ಸಾಮಾನ್ಯ. ಫೋನಿನಲ್ಲಿ ತೆರೆದು ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಮೋಡೆಮ್, ಕೇಬಲ್ ಅಥವಾ ವೈಫೈ ಕಡೆ ಗಮನ ಹರಿಸಬೇಕು.

ಯಂತ್ರವೇ ನಿಧಾನ ಎಂದು ಖಚಿತವಾದರೆ ಮೊದಲ ಕೆಲಸ ರೀಸ್ಟಾರ್ಟ್. ‘ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದ್ದೇನೆ’ ಎಂಬುದು ಇದಕ್ಕೆ ಸಮವಲ್ಲ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಆಗುವಾಗ ವ್ಯವಸ್ಥೆಯ ಒಳಭಾಗದ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಆದಾಗ ಹಾಗೆಯೇ ಮರಳುತ್ತದೆ. ಅಲ್ಲಿ ಸಿಕ್ಕಿಕೊಂಡಿದ್ದ ತೊಡಕೂ ಜೊತೆಗೆ ಬರಬಹುದು. ಎಲ್ಲವೂ ಮೊದಲಿನಿಂದ ಶುರುವಾಗುವುದು ‘ರೀಸ್ಟಾರ್ಟ್’ ಒತ್ತಿದಾಗ.

ಟಾಸ್ಕ್ ಮ್ಯಾನೇಜರ್ ಓದುವುದು

ರೀಸ್ಟಾರ್ಟ್ ಆದ ಮೇಲೂ ನಿಧಾನವಿದ್ದರೆ ಐದು ನಿಮಿಷ ತಾಳಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ಕಂಬಸಾಲುಗಳ ನೆತ್ತಿಯಲ್ಲಿ ಶೇಕಡಾ ಲೆಕ್ಕವಿರುತ್ತದೆ. ಯಾವುದು 90 ದಾಟಿ ಅಲ್ಲೇ ನಿಂತಿದೆಯೋ ತೊಡಕು ಅಲ್ಲಿದೆ. ಆ ಕಂಬಸಾಲಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಅತಿ ಹೆಚ್ಚು ಬಳಸುತ್ತಿರುವ ಪ್ರೋಗ್ರಾಮ್ ಮೇಲಕ್ಕೆ ಬರುತ್ತದೆ.

ಮೇಲೆ ಬಂದ ಹೆಸರು ವಿಂಡೋಸ್ ಅಪ್‌ಡೇಟ್‌ನದೋ ಆಂಟಿವೈರಸ್‌ನದೋ ಆಗಿದ್ದರೆ ಕೆಲ ಹೊತ್ತು ಬಿಟ್ಟುಬಿಡುವುದೇ ಮದ್ದು. ಹಲವು ದಿನ ಮುಚ್ಚಿಟ್ಟ ಕಂಪ್ಯೂಟರನ್ನು ತೆರೆದಾಗ ಬಾಕಿ ಉಳಿದ ಅಪ್‌ಡೇಟ್‌ಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಬೇಸಿಗೆ ರಜೆ ಕಳೆದು ಶಾಲೆಯ ಕಂಪ್ಯೂಟರ್ ಕೊಠಡಿ ತೆರೆದ ದಿನ ಎಲ್ಲ ಯಂತ್ರಗಳೂ ಕುಂಟಿದರೆ ಅದಕ್ಕೆ ಇದೇ ಕಾರಣವಿರಬಹುದು. ನಡುವೆ ಸ್ವಿಚ್ ಆರಿಸಿದರೆ ಅಪ್‌ಡೇಟ್ ಅರ್ಧಕ್ಕೆ ನಿಂತು ತೊಂದರೆ ಹೆಚ್ಚುತ್ತದೆ.

ಡಿಸ್ಕ್: ಮೊದಲ ಅನುಮಾನ ಇಲ್ಲಿ

ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರಗಳಲ್ಲಿ ದಿಢೀರ್ ನಿಧಾನಕ್ಕೆ ಡಿಸ್ಕನ್ನೇ ಮೊದಲು ಅನುಮಾನಿಸಬೇಕು. ಡೆಸ್ಕ್‌ಟಾಪ್‌ಗಳಲ್ಲಿ ಬಳಕೆಯಲ್ಲಿರುವ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಓದುವ ಮೊನೆ ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರಲು ಒಟ್ಟು 12 ಮಿಲಿಸೆಕೆಂಡಿನಷ್ಟು ಬೇಕು. ಹಾಗಾಗಿ ಚದುರಿ ಬಿದ್ದ ಸಣ್ಣ ಕಡತಗಳನ್ನು ಓದುವಾಗ ಅದು ಸೆಕೆಂಡಿಗೆ ಸುಮಾರು ಎಂಬತ್ತು ಕಡೆ ಮಾತ್ರ ಹೋಗಿ ಬರಬಲ್ಲದು. ಆರೋಗ್ಯವಂತ ಡಿಸ್ಕಿನ ಮಿತಿಯೇ ಇಷ್ಟು. ಮೇಲ್ಮೈಯಲ್ಲಿ ಬ್ಯಾಡ್ ಸೆಕ್ಟರ್ ಹುಟ್ಟಿಕೊಂಡರೆ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಅದು ಮುಗಿಯುವ ತನಕ ಪರದೆ ಮರಗಟ್ಟಿ ನಿಲ್ಲುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿದಾಗ ‘ಆಕ್ಟಿವ್ ಟೈಮ್’ 100 ಎಂದು ತೋರಿಸುತ್ತ, ಓದುವ ವೇಗ ಮಾತ್ರ ಸೆಕೆಂಡಿಗೆ 1 ಎಂಬಿಗೂ ಕಡಿಮೆಯಿದ್ದು, ‘ರೆಸ್ಪಾನ್ಸ್ ಟೈಮ್’ ಸಾವಿರಾರು ಮಿಲಿಸೆಕೆಂಡಿಗೆ ಏರಿದ್ದರೆ ಡಿಸ್ಕ್ ಸೋಲುತ್ತಿದೆ ಎಂದೇ ಭಾವಿಸಬೇಕು. ಕ್ಯಾಬಿನೆಟ್ ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಡಿಸ್ಕ್ ತನ್ನೊಳಗೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ ಎಣಿಕೆಯಾಗಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆಯಾಗಲಿ ಏರುತ್ತಿದ್ದರೆ ಬೇರೇನನ್ನೂ ಮುಟ್ಟದೆ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಇಡೀ ಡಿಸ್ಕನ್ನು ಜಾಲಾಡುವ ‘ಚೆಕ್‌ಡಿಸ್ಕ್’ ಆದೇಶವನ್ನು ಬ್ಯಾಕಪ್‌ಗಿಂತ ಮೊದಲು ಕೊಟ್ಟರೆ, ಸೋಲುತ್ತಿರುವ ಡಿಸ್ಕ್ ಆ ಶ್ರಮದಲ್ಲೇ ಪೂರ್ತಿ ಕೈಕೊಡಬಹುದು. ‘ಸ್ಮಾರ್ಟ್’ ದಾಖಲೆಯಲ್ಲಿ ‘ಸಿಆರ್‌ಸಿ’ ದೋಷಗಳ ಎಣಿಕೆ ಮಾತ್ರ ಏರುತ್ತಿದ್ದರೆ ಬಹುಪಾಲು ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಸಡಿಲವಾದ ಸಾಟಾ ಕೇಬಲ್ ಬದಲಿಸಿದರೆ ಸಾಕಾಗುತ್ತದೆ.

ಮಳೆಗಾಲದಲ್ಲಿ ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಕರೆಂಟ್ ಹೋಗಿ ಬರುವುದಕ್ಕೂ ಡಿಸ್ಕಿನ ಆರೋಗ್ಯಕ್ಕೂ ನಂಟಿದೆ. ‘ವೋಲ್ಟೇಜ್ ಕಡಿಮೆಯಾದ್ದರಿಂದ ಕಂಪ್ಯೂಟರ್ ನಿಧಾನವಾಯಿತು’ ಎಂಬ ಮಾತು ಸರಿಯಲ್ಲ. ಫ್ಯಾನ್, ಬಲ್ಬುಗಳು ಮಂಕಾಗುವಂತೆ ಕಂಪ್ಯೂಟರ್ ಮಂಕಾಗುವುದಿಲ್ಲ. ಒಳಗಿನ ವಿದ್ಯುತ್ ಪೂರೈಕೆ ಘಟಕ (ಎಸ್‌ಎಂಪಿಎಸ್) ಹೊರಗಿನ ಏರಿಳಿತವನ್ನು ತಡೆದು 12, 5 ಮತ್ತು 3.3 ವೋಲ್ಟುಗಳನ್ನು ಸ್ಥಿರವಾಗಿ ಕೊಡುತ್ತದೆ; ಆಗದಿದ್ದರೆ ಯಂತ್ರ ಆರಿಹೋಗುತ್ತದೆ ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಕಡತ ಬರೆಯುತ್ತಿರುವ ಹೊತ್ತಿಗೆ ಹಾಗೆ ಆರಿಹೋದಾಗ ಕಡತ ವ್ಯವಸ್ಥೆ ಕೆಡುತ್ತದೆ, ಕೆಲವೊಮ್ಮೆ ಡಿಸ್ಕೇ ಹಾಳಾಗುತ್ತದೆ. ಮರುದಿನ ಕಾಣುವ ನಿಧಾನ ಅದರ ಫಲ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬಲ ಕಳೆದುಕೊಳ್ಳುವುದು ಮಾಮೂಲು. ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆರಿದರೆ ಆ ಬ್ಯಾಟರಿ ಹೆಸರಿಗೆ ಮಾತ್ರ ಇದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಲೇಬಾರದು. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಡೆಯಲಾರದು.

‘ಸಿ’ ಡ್ರೈವ್ ತುಂಬಿಹೋಗುವುದು ಇನ್ನೊಂದು ಕಾರಣ. ಅದರಲ್ಲಿ ಶೇ. 10ರಿಂದ 15ರಷ್ಟಾದರೂ ಜಾಗ ಖಾಲಿ ಇರಬೇಕು. ಸೇವಾ ಕೇಂದ್ರಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಬಂದುಹೋದವರ ಪಹಣಿ, ಆಧಾರ್, ಅಂಕಪಟ್ಟಿಗಳ ಪಿಡಿಎಫ್‌ಗಳು ರಾಶಿ ಬಿದ್ದಿರುತ್ತವೆ. ಅವನ್ನು ಆಗಾಗ ಅಳಿಸುವುದು ಜಾಗಕ್ಕೂ ಒಳ್ಳೆಯದು, ಆ ಜನರ ಗುಟ್ಟು ಕಾಯುವುದಕ್ಕೂ ಅಗತ್ಯ.

ರ‍್ಯಾಮ್

ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿನ ಒಂದು ಮೂಲೆಯಲ್ಲಿ ಇಡುತ್ತ, ತೆಗೆಯುತ್ತ ಇರುತ್ತದೆ. ಡಿಸ್ಕ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನವಾದ್ದರಿಂದ ಇಡೀ ಯಂತ್ರ ತೆವಳತೊಡಗುತ್ತದೆ. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಕ್ರೋಮ್‌ನ ಹತ್ತಾರು ಟ್ಯಾಬ್ ತೆರೆದರೆ ಇಷ್ಟಾಗಲು ಸಾಕು. ಬೇಡದ ಟ್ಯಾಬ್‌ಗಳನ್ನೂ, ಕಂಪ್ಯೂಟರ್ ಆನ್ ಆದೊಡನೆ ತಾವಾಗಿ ಏಳುವ ಪ್ರೋಗ್ರಾಮ್‌ಗಳನ್ನೂ ನಿಲ್ಲಿಸಿದರೆ ಉಸಿರಾಟ ಸಲೀಸಾಗುತ್ತದೆ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಒಟ್ಟು ರ‍್ಯಾಮ್ ಎಷ್ಟೆಂದು ನೋಡುವುದೂ ಮುಖ್ಯ. ನಿನ್ನೆ 8 ಜಿಬಿ ಇದ್ದದ್ದು ಇಂದು 4 ಎಂದು ತೋರಿಸಿದರೆ ಎರಡು ಪಟ್ಟಿಗಳಲ್ಲಿ ಒಂದು ಸಂಪರ್ಕ ತಪ್ಪಿದೆ. ತೇವ ಹೆಚ್ಚಿದಾಗ ರ‍್ಯಾಮ್ ಅಂಚಿನ ಸಂಪರ್ಕಗಳ ಮೇಲೆ ತೆಳು ಪೊರೆ ಕಟ್ಟಬಹುದು. ಪ್ಲಗ್ ಕಿತ್ತು, ಪಟ್ಟಿಯನ್ನು ಹೊರತೆಗೆದು, ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯ ಕೊಂಡಿ ಕಟ್ ಎನ್ನುವಂತೆ ಕೂರಿಸಿದರೆ ಎಷ್ಟೋ ಸಲ ಎಲ್ಲವೂ ಸರಿಹೋಗುತ್ತದೆ.

ಪ್ರೊಸೆಸರ್ ಮತ್ತು ಶಾಖ

ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇಂಟೆಲ್‌ನ ಹಲವು ಪ್ರೊಸೆಸರುಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಕೆಲಸದ ನಡುವೆಯೂ 0.8ರಲ್ಲೇ ನಿಂತಿದ್ದರೆ ಶಾಖವನ್ನು ಅನುಮಾನಿಸಬೇಕು. ಬೆಳಗ್ಗೆ ಆನ್ ಮಾಡಿದಾಗ ಚುರುಕು, ಕಾಲು ಗಂಟೆ ಕಳೆದರೆ ನಿಧಾನ ಎಂಬುದು ಇದರ ಇನ್ನೊಂದು ಗುರುತು.

ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದರೆ ಕಾರಣ ಕಾಣುತ್ತದೆ. ಭತ್ತ ಒಕ್ಕುವ, ಅಡಿಕೆ ಸುಲಿಯುವ ದಿನಗಳ ದೂಳು ಫ್ಯಾನಿನ ಕೆಳಗೆ, ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಒಳಗೆ ಇಳಿಯುವುದಿಲ್ಲ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಬೇಕು. ಒದ್ದೆ ಬಟ್ಟೆ ಸಲ್ಲದು. ದೂಳಿಲ್ಲದೆಯೂ ಬಿಸಿಯಾಗುತ್ತಿದ್ದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಯಂತ್ರವನ್ನು ವಾಹನದಲ್ಲಿ ಬೇರೆ ಊರಿಗೆ ಸಾಗಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಒತ್ತಿ ನೋಡಬೇಕು. ಒಂದು ಮೇಲೆದ್ದರೂ ಹೀಟ್‌ಸಿಂಕ್ ಒಂದು ಕಡೆಗೆ ವಾಲಿ ಶಾಖ ಒಳಗೇ ಉಳಿಯುತ್ತದೆ.

ವೈರಸ್ ಮತ್ತು ಬೇಡದ ತಂತ್ರಾಂಶ

ಯಾವ ಕೆಲಸವೂ ಇಲ್ಲದಿರುವಾಗ ಸಿಪಿಯು 90 ದಾಟಿದ್ದರೆ, ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಕಳ್ಳ ತಂತ್ರಾಂಶ ಹೊಕ್ಕಿರಬಹುದು. ಕೆಲವು ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಸುಮ್ಮನಾಗಿ, ಮುಚ್ಚಿದೊಡನೆ ಮತ್ತೆ ಶುರುವಾಗುತ್ತವೆ. ಹಣ ಕೊಡದೆ ತಂತ್ರಾಂಶ ನಡೆಸಲು ಬಳಸುವ ‘ಕ್ರ್ಯಾಕ್’ಗಳ ಜೊತೆ ಇವು ಬರುತ್ತವೆ. ಜೆರಾಕ್ಸ್ ಅಂಗಡಿ, ಶಾಲೆ, ಮನೆಗಳ ನಡುವೆ ಓಡಾಡುವ ಪೆನ್‌ಡ್ರೈವ್ ಇನ್ನೊಂದು ದಾರಿ. ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಬಾಣದ ಗುರುತು ಹೊತ್ತು ಕಂಡರೆ ಸೋಂಕಿದೆ ಎಂದು ಅರ್ಥ. ನಿಜವಾದ ಫೋಲ್ಡರ್‌ಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಮರೆಯಲ್ಲಿರುತ್ತವೆ; ಆ ಬಾಣದ ಗುರುತುಗಳ ಮೇಲೆ ಕ್ಲಿಕ್ ಮಾಡಬಾರದು.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ಮಾಡುವುದರಿಂದ ಇಂಥವು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಹೊರಗಿನ ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿದರೆ ಪ್ರತಿ ಕಡತವನ್ನೂ ಎರಡೂ ತಡೆದು ನೋಡುತ್ತವೆ. ಆ ಜಗಳವೇ ನಿಧಾನಕ್ಕೆ ಕಾರಣವಾಗುತ್ತದೆ.

ಫಾರ್ಮ್ಯಾಟ್ ಯಾವಾಗ

ಮೇಲಿನ ಎಲ್ಲವನ್ನೂ ನೋಡಿದ ಮೇಲೂ ತಂತ್ರಾಂಶದಲ್ಲೇ ದೋಷವಿದೆ ಎಂದಾದರೆ ಮಾತ್ರ ಫಾರ್ಮ್ಯಾಟ್. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿರುವುದೆಲ್ಲ ಸಾಮಾನ್ಯವಾಗಿ ‘ಸಿ’ ಡ್ರೈವ್‌ನಲ್ಲೇ ಇರುತ್ತದೆ, ಅದರೊಡನೆಯೇ ಅಳಿದುಹೋಗುತ್ತದೆ. ನಕಲು ಮಾಡಿಡಬೇಕಾದವುಗಳಲ್ಲಿ ಸಂಘದ ಲೆಕ್ಕವಿರುವ ಟ್ಯಾಲಿ ಡೇಟಾ ಫೋಲ್ಡರ್ ಮೊದಲನೆಯದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ ಪತ್ರಗಳು, ಆ ಫಾಂಟ್‌ಗಳನ್ನು ಮತ್ತೆ ಹಾಕುವವರೆಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಬಾರದು. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಡಾಂಗಲ್, ಪ್ರಿಂಟರ್ ಇವುಗಳ ಡ್ರೈವರ್‌ಗಳನ್ನೂ ಮುಂಚೆಯೇ ಹೊಂದಿಸಿಕೊಂಡಿದ್ದರೆ ಮರುದಿನ ಸೇವೆ ನಿಲ್ಲುವುದಿಲ್ಲ. ಫಾರ್ಮ್ಯಾಟ್ ಆದ ಮೇಲೂ ವೇಗ ಮರಳದಿದ್ದರೆ ದೋಷ ಯಂತ್ರಾಂಶದ್ದು; ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ ಫಲವಿಲ್ಲ.

ಡಿಸ್ಕ್ ಬದಲಿಸುವ ಹೊತ್ತು ಬಂದಾಗ ವಿಂಡೋಸ್‌ಗಾಗಿ ಎಸ್‌ಎಸ್‌ಡಿ ಹಾಕಿಸುವುದು ಜಾಣತನ. ಅದರಲ್ಲಿ ತಿರುಗುವ ಭಾಗವಿಲ್ಲ. ಸಾಟಾ ಮಾದರಿಯದು ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ, ಸಣ್ಣ ಕಡತಗಳಲ್ಲಿ ಹಾರ್ಡ್‌ಡಿಸ್ಕಿಗಿಂತ ನೂರಾರು ಪಟ್ಟು ಚುರುಕು. ಜೊತೆಗೆ ರ‍್ಯಾಮ್ 8 ಜಿಬಿ ಆದರೆ ಹತ್ತು ವರ್ಷ ಹಳೆಯ ಯಂತ್ರವೂ ಕಚೇರಿ ಕೆಲಸಕ್ಕೆ ಸಾಲುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಅದರಿಂದ ಯಂತ್ರ ನಿಧಾನವಾಗುವುದಿಲ್ಲ, ಆದರೆ ಭದ್ರತೆ ಸಡಿಲವಾಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಮತ್ತು ಇಂಟೆಲ್ ಆಗಿದ್ದರೆ ಬಹುಮಟ್ಟಿಗೆ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅವಿಲ್ಲದ ಯಂತ್ರಕ್ಕೆ ಹಣ ಸುರಿಯುವ ಮೊದಲು ಈ ಲೆಕ್ಕವನ್ನೂ ಹಾಕಬೇಕು.