ಪರದೆಯ ಬೆಳಕು, ಮಳೆಗಾಲದ ಚಾರ್ಜು

ಸ್ಮಾರ್ಟ್‌ವಾಚ್ ಎಂದರೆ ಕೈಗೆ ಕಟ್ಟಿಕೊಳ್ಳುವ ಪುಟ್ಟ ಕಂಪ್ಯೂಟರ್. ಮೊಬೈಲಿನ ಬ್ಯಾಟರಿ ಈಗ 5000 ಮಿಲಿಆಂಪಿಯರ್-ಅವರ್ ಆಸುಪಾಸಿನದ್ದಾದರೆ, ವಾಚಿನದು ಹೆಚ್ಚಾಗಿ 200ರಿಂದ 500ರ ಒಳಗೆ. ವ್ಯಾಖ್ಯೆ ಇಷ್ಟು ಸಾಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮನೆಗಳಲ್ಲಿ ಈ ಪುಟ್ಟ ಬ್ಯಾಟರಿಯ ಲೆಕ್ಕ ಪೇಟೆಯವರದಕ್ಕಿಂತ ಬೇರೆ. ಆಷಾಢದ ಗಾಳಿಮಳೆಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬಂದೀತೆಂದು ಹೇಳಲಾಗದು. ಹಾಗಾಗಿ ಇಲ್ಲಿನವರು ಕೇಳುವ ಮೊದಲ ಪ್ರಶ್ನೆ: ಪರದೆ ಸದಾ ಕಾಣುತ್ತಿರಲೋ, ಆರಿರಲೋ?

ಈ ಪ್ರಶ್ನೆಗೆ ಐವತ್ತು ವರ್ಷ ದಾಟಿದೆ. 1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿ ಮಾರುಕಟ್ಟೆಗೆ ತಂದ ‘ಪಲ್ಸರ್’ ಡಿಜಿಟಲ್ ವಾಚಿನಲ್ಲಿ ಗುಂಡಿ ಒತ್ತಿದರೆ ಮಾತ್ರ ಕೆಂಪು ಅಂಕಿಗಳು ಮೂಡುತ್ತಿದ್ದವು. ಎಲ್‌ಇಡಿ ಅಷ್ಟು ವಿದ್ಯುತ್ ಕುಡಿಯುತ್ತಿತ್ತು. ಮರುವರ್ಷವೇ ಜಪಾನಿನ ಸೀಕೊ ಎಲ್‌ಸಿಡಿ ವಾಚು ತಂದಿತು. ಅದು ಸ್ವಂತ ಬೆಳಕು ಬೀರದೆ ಹೊರಗಿನ ಬೆಳಕನ್ನೇ ಬಳಸಿ ಸದಾ ಸಮಯ ತೋರಿಸಿತು. ಎಷ್ಟು ಸೊಗಸಾದ ಉಪಾಯ!

ಇಂದಿನ ವಾಚುಗಳಲ್ಲೂ ಇವೇ ಎರಡು ದಾರಿ. ಅಮೊಲೆಡ್ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪಾಗಿ ಕಾಣುವ ಚುಕ್ಕಿ ಆರಿರುತ್ತದೆ. ಆದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ತೆಳು ಮುಳ್ಳುಗಳಿರುವ ಮುಖಕ್ಕೆ ಖರ್ಚು ಕಡಿಮೆ, ಬಣ್ಣದ ಫೋಟೋ ಹಾಕಿದರೆ ಹೆಚ್ಚು. ಗಾರ್ಮಿನ್‌ನ ಕೆಲವು ವಾಚುಗಳಲ್ಲಿರುವ ಎಂಐಪಿ (ಮೆಮೊರಿ ಇನ್ ಪಿಕ್ಸೆಲ್) ಪರದೆಯ ಚುಕ್ಕಿಗಳು ತಮ್ಮ ಸ್ಥಿತಿಯನ್ನು ತಾವೇ ನೆನಪಿಟ್ಟುಕೊಳ್ಳುತ್ತವೆ, ಹೊರಬೆಳಕನ್ನು ಪ್ರತಿಫಲಿಸುತ್ತವೆ, ಹಾಗಾಗಿ ಸದಾ ಕಾಣುತ್ತಿದ್ದರೂ ಖರ್ಚು ಕಡಿಮೆ. ಚಾಲಿ ಅಡಿಕೆ ಹರವಿದ ಬಿಸಿಲಂಗಳದಲ್ಲಿ ಅಮೊಲೆಡ್ ತನ್ನ ಹೊಳಪನ್ನು ಏರಿಸಿಕೊಂಡೇ ಕಾಣಬೇಕು. ಎಂಐಪಿಗೆ ಬಿಸಿಲೇ ಬಲ. ಬಣ್ಣ ಮಾತ್ರ ಸಪ್ಪೆ.

ಜನ ಎಡವುವುದು ಬೇರೆಡೆ. ‘ಸದಾ ಕಾಣುವ ಪರದೆ’ಯನ್ನು ಆಫ್ ಮಾಡಿದೆವು, ಇನ್ನು ಉಳಿತಾಯವೇ ಎಂದುಕೊಳ್ಳುತ್ತಾರೆ. ಆಫ್ ಮಾಡಿದರೆ ಉಳಿತಾಯ ಖಂಡಿತ ಉಂಟು. ಆದರೆ ಕೈ ಎತ್ತಿದಾಗ ಪರದೆ ಹೊತ್ತಿಕೊಳ್ಳುವ ವ್ಯವಸ್ಥೆ ಹಾಗೇ ಉಳಿದಿರುತ್ತದೆ. ವಾಚಿನೊಳಗಿನ ಚಲನೆಯ ಸೆನ್ಸರ್‌ಗೆ ಗೊತ್ತಾಗುವುದು ಮಣಿಕಟ್ಟು ತಿರುಗಿತು ಎಂಬುದಷ್ಟೇ, ತಿರುಗಿದ್ದು ಏಕೆಂಬುದಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಕೈ ತಿರುಗುತ್ತಲೇ ಇರುತ್ತದೆ. ಯಾರೂ ನೋಡದ ಪರದೆ ಪೂರ್ಣ ಹೊಳಪಿನಲ್ಲಿ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ. ಪರದೆಯೊಂದಿಗೆ ಪ್ರೊಸೆಸರೂ ಎಚ್ಚರಗೊಳ್ಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನಗಳಲ್ಲಿ ಮಳೆಹನಿಯದೂ ಇದೇ ಕಾಟ: ನೀರು ವಿದ್ಯುತ್ ಹಾಯಿಸುವುದರಿಂದ ಪರದೆ ಹನಿಯನ್ನು ಬೆರಳೆಂದು ತಿಳಿಯಬಹುದು. ಪರದೆಯ ಸ್ಪರ್ಶವನ್ನು ತಡೆಹಿಡಿಯುವ ವಾಟರ್ ಲಾಕ್ ಇರುವುದು ಇದಕ್ಕೇ.

ಕೆಲಸದ ಹೊತ್ತಿನಲ್ಲಿ ಕೈ ಎತ್ತಿದರೆ ಹೊತ್ತುವ ಸೌಲಭ್ಯವನ್ನು ಮೊದಲು ಆಫ್ ಮಾಡಿ, ಗುಂಡಿ ಒತ್ತಿ ಸಮಯ ನೋಡಿ ಎಂಬುದು ನನ್ನ ಸಲಹೆ. ಮದುವೆಮನೆಗೆ ಹೊರಟಾಗ ಪರದೆ ಧಾರಾಳವಾಗಿ ಬೆಳಗಲಿ. ಹೊಸದಾಗಿ ಕೊಳ್ಳುವ ತೋಟಿಗರಿಗೆ ನಾನು ಎಂಐಪಿಯನ್ನೇ ಹೇಳುತ್ತೇನೆ.

ಶಿರಸಿಯ ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಈ ಖರ್ಚನ್ನು ಅಳೆದು ನೋಡಿ. ಒಂದೇ ವಾಚು, ಒಂದೇ ಬಗೆಯ ಕೆಲಸ, ದಿನಕ್ಕೊಂದೇ ಸೆಟಿಂಗ್ ಬದಲಾವಣೆ. ಬೆಳಿಗ್ಗೆ, ಸಂಜೆ ಉಳಿದ ಚಾರ್ಜಿನ ಶೇಕಡಾವಾರು ಬರೆದಿಡಿ. ಸುಲಿಯುವ ದಿನ, ಮಳೆಯ ದಿನ, ಮನೆಯಲ್ಲೇ ಕೂತ ದಿನ ಇವುಗಳ ಲೆಕ್ಕ ಬೇರೆಬೇರೆಯಾಗಿರಲಿ. ಕಂಪನಿಗಳು ಡಬ್ಬಿಯ ಮೇಲೆ ಅಚ್ಚು ಹಾಕುವ ಅಂಕಿಯಲ್ಲಿ ಅಡಿಕೆ ತೋಟದ ಕೆಲಸ ಸೇರಿರುವುದಿಲ್ಲ. ಆ ಲೆಕ್ಕವನ್ನು ನೀವೇ ತೆಗೆಯಬೇಕು.