ಪಿಂಚಣಿಯ ಮೇಲೆ ಎಳೆದ ಗೆರೆಗಳು

ಭಾರತದಲ್ಲಿ ಸರ್ಕಾರಿ ನೌಕರರ ಪಿಂಚಣಿ ನಡೆದುಬಂದ ದಾರಿಯನ್ನು ಅರಿಯಬೇಕೆನ್ನುವವರು ಕಾಯ್ದೆಗಳ ಹೆಸರಿಗಿಂತ ಮೊದಲು ಕೆಲವು ದಿನಾಂಕಗಳನ್ನು ನೆನಪಿನಲ್ಲಿಡಬೇಕಾಗುತ್ತದೆ. 1979ರ ಮಾರ್ಚ್ 31, 2004ರ ಜನವರಿ 1 ಮತ್ತು ಕರ್ನಾಟಕದ ಮಟ್ಟಿಗೆ 2006ರ ಏಪ್ರಿಲ್ 1, ಈ ಮೂರೂ ಒಂದೇ ಇಲಾಖೆಯಲ್ಲಿ ಒಂದೇ ಬಗೆಯ ಕೆಲಸ ಮಾಡಿದ ಇಬ್ಬರ ಮುಪ್ಪನ್ನು ಎರಡು ದಾರಿಗೆ ಹಚ್ಚಿದ ಗೆರೆಗಳು. ಅಂಥ ಗೆರೆಯನ್ನು ಎಳೆಯುವ ಅಧಿಕಾರ ಆಳುವ ಸರ್ಕಾರಕ್ಕೆ ಎಷ್ಟರಮಟ್ಟಿಗೆ ಇದೆ, ಎಳೆದದ್ದನ್ನು ನ್ಯಾಯಾಲಯವಾಗಲಿ ನೌಕರರ ಸಂಘಗಳಾಗಲಿ ಅಳಿಸಬಲ್ಲವೇ ಎಂಬ ವ್ಯಾಜ್ಯವೇ ಕಳೆದ ಐವತ್ತು ವರ್ಷಗಳ ಪಿಂಚಣಿಯ ಚರಿತ್ರೆಯಾಗಿದೆ.

ಮೂಲದಲ್ಲಿ ಪಿಂಚಣಿ ಹಕ್ಕಾಗಿರಲಿಲ್ಲ. ಬ್ರಿಟಿಷ್ ಆಡಳಿತವು ಜಾರಿಗೆ ತಂದ 1871ರ ಪಿಂಚಣಿ ಕಾಯ್ದೆಯು ಸರ್ಕಾರ ಕೊಡುವ ಪಿಂಚಣಿಗೆ ಸಂಬಂಧಿಸಿದ ದಾವೆಗಳನ್ನು ಸಿವಿಲ್ ನ್ಯಾಯಾಲಯಗಳು ಸಾಮಾನ್ಯವಾಗಿ ವಿಚಾರಣೆಗೆ ತೆಗೆದುಕೊಳ್ಳದಂತೆ ತಡೆದಿತ್ತು. ಅದೇ ಕಾಯ್ದೆ ಸಾಲ ಕೊಟ್ಟವರು ಪಿಂಚಣಿಯನ್ನು ಜಪ್ತಿ ಮಾಡದಂತೆಯೂ ರಕ್ಷಣೆ ಕೊಟ್ಟಿತ್ತು. ಅಂದರೆ ಹೊರಗಿನವರ ಕೈಯಿಂದ ಪಿಂಚಣಿಯನ್ನು ಕಾಪಾಡಿದ ಕಾನೂನು, ಅದನ್ನು ಕೊಡುವ ಸರ್ಕಾರದ ಕೈಯಿಂದ ಕಾಪಾಡುವ ಗೋಜಿಗೆ ಹೋಗಲಿಲ್ಲ. ನಿಷ್ಠೆಯಿಂದ ದುಡಿದವನಿಗೆ ಪ್ರಭುವು ಕರುಣಿಸುವ ಇನಾಮು ಎಂಬ ಆ ಭಾವನೆ ಸ್ವಾತಂತ್ರ್ಯಾನಂತರವೂ ಕಚೇರಿಗಳ ಕಡತಗಳಲ್ಲಿ ಹಾಗೆಯೇ ಉಳಿಯಿತು.

ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು 1971ರಲ್ಲಿ. ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ದೇವಕಿನಂದನ ಪ್ರಸಾದ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿಂಚಣಿ ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಲ್ಲ, ಅದು ನೌಕರನ ಆಸ್ತಿ ಎಂದು ಹೇಳಿತು. 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಸ್ಥಳಾಂತರಿಸಿದರೂ ಪಿಂಚಣಿ ಆಸ್ತಿಯೆಂಬ ತತ್ವಕ್ಕೆ ಧಕ್ಕೆಯಾಗಲಿಲ್ಲ. ಕಾನೂನಿನ ಆಧಾರವಿಲ್ಲದೆ, ಬರಿಯ ಆಡಳಿತಾತ್ಮಕ ಸೂಚನೆಯ ಬಲದಿಂದ ಪಿಂಚಣಿಯನ್ನು ತಡೆಹಿಡಿಯಲಾಗದು ಎಂದು ನ್ಯಾಯಾಲಯ 2013ರಲ್ಲಿ ಜಾರ್ಖಂಡ್ ಸರ್ಕಾರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಆದರೆ ಗೆರೆಯ ಪ್ರಶ್ನೆ ನೇರವಾಗಿ ಎದುರಾದದ್ದು ಡಿ.ಎಸ್. ನಾಕರಾ ಪ್ರಕರಣದಲ್ಲಿ. ಕೇಂದ್ರ ಸರ್ಕಾರ 1979ರ ಮೇ 25ರಂದು ಪಿಂಚಣಿಯ ಲೆಕ್ಕಾಚಾರವನ್ನು ಉದಾರಗೊಳಿಸಿ ಆದೇಶ ಹೊರಡಿಸಿತಾದರೂ, ಅದರ ಲಾಭವನ್ನು ಆ ವರ್ಷದ ಮಾರ್ಚ್ 31ರಂದು ಸೇವೆಯಲ್ಲಿದ್ದು ಅಂದು ಅಥವಾ ಆಮೇಲೆ ನಿವೃತ್ತರಾಗುವವರಿಗೆ ಮಾತ್ರ ಸೀಮಿತಗೊಳಿಸಿತು. ರಕ್ಷಣಾ ಸಚಿವಾಲಯದ ಆರ್ಥಿಕ ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾಗಿದ್ದ ನಾಕರಾ, ಎಚ್.ಡಿ. ಶೌರಿ ಅವರು ಕಟ್ಟಿದ ‘ಕಾಮನ್ ಕಾಸ್’ ಸಂಸ್ಥೆಯೊಡಗೂಡಿ ಇದನ್ನು ಪ್ರಶ್ನಿಸಿದರು. 1982ರ ಡಿಸೆಂಬರ್ 17ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ, ನ್ಯಾಯಮೂರ್ತಿ ಡಿ.ಎ. ದೇಸಾಯಿ ಬರೆದ ತೀರ್ಪು, ಪಿಂಚಣಿದಾರರೆಲ್ಲ ಒಂದೇ ವರ್ಗ, ಬೆಲೆಯೇರಿಕೆಯ ಬಿಸಿ ಮಾರ್ಚ್ 30ರಂದು ನಿವೃತ್ತನಾದವನಿಗೂ 31ರಂದು ನಿವೃತ್ತನಾದವನಿಗೂ ಒಂದೇ ಆಗಿರುವಾಗ ಅವರ ನಡುವೆ ದಿನಾಂಕವೊಂದನ್ನೇ ನೆಪವಾಗಿಟ್ಟು ಭೇದ ಮಾಡುವುದು ಸಮಾನತೆಯ ವಿಧಿಗೆ ವಿರುದ್ಧ ಎಂಬ ನಿಲುವನ್ನು ತಳೆಯಿತು. ಪಿಂಚಣಿ ಭಿಕ್ಷೆಯಲ್ಲ, ಕೃಪೆಯಲ್ಲ, ದುಡಿದ ದಿನಗಳಿಗೆ ಸಲ್ಲಬೇಕಾದ ಪಾವತಿ ಎಂಬ ಮಾತು ನೌಕರರ ಸಂಘಗಳ ಮನವಿಪತ್ರಗಳಲ್ಲಿ ಇಂದಿಗೂ ಕಾಣಿಸಿಕೊಳ್ಳುವುದು ಈ ತೀರ್ಪಿನ ಬಲದಿಂದಲೇ. ಡಿಸೆಂಬರ್ 17 ದೇಶದಾದ್ಯಂತ ಪಿಂಚಣಿದಾರರ ದಿನವಾಗಿ ಆಚರಣೆಯಾಗುವುದಕ್ಕೂ ಇದೇ ಕಾರಣ.

ನಾಕರಾ ತೀರ್ಪು ನಿವೃತ್ತರ ನಡುವಿನ ಗೆರೆಯನ್ನು ಅಳಿಸಿತೇ ಹೊರತು, ಇನ್ನೂ ನೇಮಕವಾಗದವರನ್ನು ಆ ಹಕ್ಕಿನಿಂದಲೇ ಹೊರಗಿಡುವುದನ್ನು ತಡೆಯಲಿಲ್ಲ. ಮುಂದಿನ ಗೆರೆ ಬಿದ್ದದ್ದು ಅಲ್ಲಿಯೇ. 1990ರ ದಶಕದ ಕೊನೆಗೆ ಐದನೆಯ ವೇತನ ಆಯೋಗದ ಹೊರೆಯಿಂದ ರಾಜ್ಯಗಳ ಬೊಕ್ಕಸ ಬಳಲುತ್ತಿತ್ತು, ಜನರ ಆಯುಷ್ಯ ಹೆಚ್ಚಿತ್ತು, ಪಿಂಚಣಿಗೆಂದು ಪ್ರತ್ಯೇಕ ನಿಧಿಯನ್ನು ಯಾವ ಸರ್ಕಾರವೂ ಕೂಡಿಟ್ಟಿರಲಿಲ್ಲ. ಹೊಸ ವ್ಯವಸ್ಥೆಯೊಂದನ್ನು ಸೂಚಿಸಲು ಕೇಂದ್ರವು ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದ ಬಿ.ಕೆ. ಭಟ್ಟಾಚಾರ್ಯ ಅವರ ಅಧ್ಯಕ್ಷತೆಯಲ್ಲಿ ಉನ್ನತ ಮಟ್ಟದ ತಜ್ಞರ ತಂಡವನ್ನು ರಚಿಸಿತು. 2002ರಲ್ಲಿ ವರದಿ ಕೊಟ್ಟ ಆ ತಂಡ ನಿಶ್ಚಿತ ಪಿಂಚಣಿ ಮತ್ತು ವಂತಿಗೆ ಎರಡನ್ನೂ ಬೆರೆಸಿದ ಮಿಶ್ರ ಮಾದರಿಯತ್ತ ಒಲವು ತೋರಿತ್ತು. ವಾಜಪೇಯಿ ಸರ್ಕಾರ ಆ ನಡುದಾರಿಯನ್ನು ಬಿಟ್ಟು, 2003ರ ಡಿಸೆಂಬರ್ 22ರ ಅಧಿಸೂಚನೆಯ ಮೂಲಕ, 2004ರ ಜನವರಿ 1ರಿಂದ ಕೇಂದ್ರ ಸೇವೆಗೆ ಸೇರುವ ಎಲ್ಲರಿಗೂ, ಸಶಸ್ತ್ರ ಪಡೆಗಳನ್ನು ಹೊರತುಪಡಿಸಿ, ಪೂರ್ಣ ವಂತಿಗೆ ಆಧಾರಿತ ಹೊಸ ಪಿಂಚಣಿ ಯೋಜನೆಯನ್ನು ಕಡ್ಡಾಯಗೊಳಿಸಿತು. ಇಷ್ಟು ದೊಡ್ಡ ಬದಲಾವಣೆ ಸಂಸತ್ತು ಅಂಗೀಕರಿಸಿದ ಕಾಯ್ದೆಯಿಂದಲ್ಲ, ಒಂದು ಅಧಿಸೂಚನೆಯಿಂದ ಆಯಿತು ಎಂಬುದನ್ನು ಗಮನಿಸಬೇಕು.

ಎನ್‌ಪಿಎಸ್ ಎಂದು ಎಲ್ಲರ ಬಾಯಲ್ಲಿರುವ ಈ ಯೋಜನೆಗೂ ಹಳೆಯ ಪಿಂಚಣಿಗೂ ಇರುವ ಅಂತರ ಲೆಕ್ಕದಲ್ಲಿ ತಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ನೌಕರ ಪಿಂಚಣಿಗೆಂದು ಏನನ್ನೂ ಕಟ್ಟುತ್ತಿರಲಿಲ್ಲ. ಪೂರ್ಣ ಸೇವೆ ಸಲ್ಲಿಸಿದವನಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಮಾಸಿಕ ಪಿಂಚಣಿ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ ಸಿಗುತ್ತಿತ್ತು. ಎನ್‌ಪಿಎಸ್‌ನಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ನೌಕರನ ಸಂಬಳದಿಂದ ಕಡಿತವಾಗುತ್ತದೆ, ಸರ್ಕಾರ ಮೊದಲು ಅಷ್ಟೇ ಸೇರಿಸುತ್ತಿತ್ತು, ಕೇಂದ್ರವು 2019ರ ಏಪ್ರಿಲ್‌ನಿಂದ ತನ್ನ ಪಾಲನ್ನು ಶೇ 14ಕ್ಕೆ ಏರಿಸಿತು. ಈ ಹಣ ಷೇರು ಮತ್ತು ಸಾಲಪತ್ರಗಳಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯಾದಾಗ ಕೂಡಿದ ಮೊತ್ತದ ಕನಿಷ್ಠ ಶೇ 40ರಿಂದ ಆನ್ಯುಯಿಟಿ, ಅಂದರೆ ಇಡುಗಂಟು ಕೊಟ್ಟು ವಿಮಾ ಕಂಪನಿಯಿಂದ ಬದುಕಿರುವವರೆಗೆ ಕಂತು ಪಡೆಯುವ ಒಪ್ಪಂದವನ್ನು, ಕೊಳ್ಳಬೇಕು. ಒಬ್ಬ ನೌಕರನ ಕೊನೆಯ ಮೂಲ ವೇತನ 60,000 ರೂಪಾಯಿ ಎಂದೂ, ಆತನ ಖಾತೆಯಲ್ಲಿ 40 ಲಕ್ಷ ಕೂಡಿದೆ ಎಂದೂ ಇಟ್ಟುಕೊಂಡರೆ, ಶೇ 40 ಎಂದರೆ 16 ಲಕ್ಷ. ಶೇ 6ರ ದರದಲ್ಲಿ ಅದು ತಿಂಗಳಿಗೆ 8,000 ರೂಪಾಯಿ ತರುತ್ತದೆ. ಉಳಿದ 24 ಲಕ್ಷ ಕೈಗೆ ಸಿಗುತ್ತದೆ ನಿಜ, ಆದರೆ ಆ 8,000ಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಅದೇ ವ್ಯಕ್ತಿಗೆ 30,000 ರೂಪಾಯಿ ಮತ್ತು ತುಟ್ಟಿಭತ್ಯೆ ಸಲ್ಲುತ್ತಿತ್ತು. ಮಾರುಕಟ್ಟೆಯ ಏರಿಳಿತದ ಅಪಾಯ ಸರ್ಕಾರದ ಹೆಗಲಿನಿಂದ ನೌಕರನ ಹೆಗಲಿಗೆ ಜಾರಿದ್ದೇ ಈ ಬದಲಾವಣೆಯ ತಿರುಳು.

ಪ್ರತಿಭಟನೆಗೆ ತೆರಬೇಕಾದ ಬೆಲೆ ಎಷ್ಟು ಎಂಬುದು ಹೊಸ ಯೋಜನೆಯ ಅಧಿಸೂಚನೆ ಹೊರಟ ವರ್ಷವೇ ನೆರೆಯ ತಮಿಳುನಾಡಿನಲ್ಲಿ ಗೊತ್ತಾಯಿತು. ಪಿಂಚಣಿಯೂ ಸೇರಿದಂತೆ ಹಲವು ಸವಲತ್ತುಗಳ ಕಡಿತವನ್ನು ವಿರೋಧಿಸಿ 2003ರ ಜುಲೈಯಲ್ಲಿ ಅಲ್ಲಿನ ನೌಕರರೂ ಶಿಕ್ಷಕರೂ ಮುಷ್ಕರ ಹೂಡಿದಾಗ ಜಯಲಲಿತಾ ಸರ್ಕಾರ ಸುಮಾರು 1.7 ಲಕ್ಷ ಮಂದಿಯನ್ನು ಏಕಾಏಕಿ ವಜಾ ಮಾಡಿತು. ಇದನ್ನು ಪ್ರಶ್ನಿಸಿದ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆಚ್ಚಿನವರ ಮರುನೇಮಕಕ್ಕೆ ದಾರಿ ಮಾಡಿತಾದರೂ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ, ಶಾಸನಬದ್ಧ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲ ಎಂದು ಹೇಳಿತು. ಹಕ್ಕನ್ನು ಕಾಯ್ದುಕೊಳ್ಳುವ ಕೊನೆಯ ಸಾಧನವನ್ನೇ ಕೈತಪ್ಪಿಸಿದ ಈ ಮಾತು ದೇಶದ ನೌಕರ ಚಳವಳಿಯನ್ನು ಬಹುಕಾಲ ಕುಗ್ಗಿಸಿತೆಂದು ಹೇಳುವುದರಲ್ಲಿ ತಪ್ಪಿಲ್ಲ.

ರಾಜಕೀಯ ಪಕ್ಷಗಳ ನಡವಳಿಕೆ ಈ ಅವಧಿಯುದ್ದಕ್ಕೂ ಏಕರೂಪವಾಗಿರಲಿಲ್ಲ. ಬಿಜೆಪಿ ನೇತೃತ್ವದ ಸರ್ಕಾರ ತಂದ ಯೋಜನೆಗೆ ಶಾಸನದ ಚೌಕಟ್ಟು ಕೊಡುವ ಮಸೂದೆಯನ್ನು 2005ರಲ್ಲಿ ಮಂಡಿಸಿದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಎಡಪಕ್ಷಗಳು ತಮ್ಮ ಕಾರ್ಮಿಕ ಸಂಘಟನೆಗಳೊಂದಿಗೆ ನಿಂತು ಅದನ್ನು ತಡೆದವು. ಎಡರಂಗ ಆಳುತ್ತಿದ್ದ ಪಶ್ಚಿಮ ಬಂಗಾಳ ಹೊಸ ಯೋಜನೆಗೆ ಸೇರಲೇ ಇಲ್ಲ, ಅಲ್ಲಿ ಸರ್ಕಾರ ಬದಲಾದ ಮೇಲೂ ಸೇರಲಿಲ್ಲ. ಕೇರಳದಲ್ಲಿ ಊಮ್ಮನ್ ಚಾಂಡಿ ಸರ್ಕಾರ ನೌಕರರ ಮುಷ್ಕರವನ್ನೂ ಲೆಕ್ಕಿಸದೆ 2013ರ ಏಪ್ರಿಲ್‌ನಿಂದ ಅದನ್ನು ಜಾರಿಗೊಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪಿಂಚಣಿ ನಿಧಿ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಮಸೂದೆ ಸಂಸತ್ತಿನಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ಎರಡರ ಬೆಂಬಲದಿಂದಲೂ ಅಂಗೀಕಾರವಾಯಿತು. ತಮಗಾಗಿ ವಂತಿಗೆಯಿಲ್ಲದ ಪಿಂಚಣಿಯನ್ನು ಉಳಿಸಿಕೊಂಡ ಜನಪ್ರತಿನಿಧಿಗಳೇ ನೌಕರರಿಗೆ ಮಾರುಕಟ್ಟೆಯ ದಾರಿ ತೋರಿಸಿದರು ಎಂಬ ಸಂಘಗಳ ಆಕ್ಷೇಪಕ್ಕೆ ಇಂದಿಗೂ ಯಾವ ಪಕ್ಷವೂ ನೇರ ಉತ್ತರ ಕೊಟ್ಟಿಲ್ಲ.

ಕರ್ನಾಟಕದಲ್ಲಿ ಜೆಡಿಎಸ್–ಬಿಜೆಪಿ ಮೈತ್ರಿ ಸರ್ಕಾರವಿದ್ದಾಗ, 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಎನ್‌ಪಿಎಸ್ ಅನ್ವಯವಾಯಿತು. ಸರ್ಕಾರಿ ನೇಮಕಾತಿ ನಡೆಯುವ ಬಗೆಯನ್ನು ಬಲ್ಲವರಿಗೆ ಈ ದಿನಾಂಕದ ಕ್ರೌರ್ಯ ಬೇಗ ಅರ್ಥವಾಗುತ್ತದೆ. ಅಧಿಸೂಚನೆ ಹೊರಟು, ಪರೀಕ್ಷೆ ನಡೆದು, ಆಯ್ಕೆ ಪಟ್ಟಿ ಪ್ರಕಟವಾಗಿ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ಪರಿಶೀಲನೆ, ವೈದ್ಯಕೀಯ ತಪಾಸಣೆಗಳೆಲ್ಲ ಮುಗಿದು ಆದೇಶದ ಪ್ರತಿ ಕೈಗೆ ಬರುವುದಕ್ಕೆ ಒಂದೆರಡು ವರ್ಷ ಹಿಡಿಯುವುದುಂಟು. ಒಂದೇ ಅಧಿಸೂಚನೆಯಡಿ ಆಯ್ಕೆಯಾದ ಇಬ್ಬರಲ್ಲಿ ಕಾಗದಪತ್ರ ಬೇಗ ಮುಗಿದವರು ಮಾರ್ಚ್‌ನಲ್ಲಿ ಹಾಜರಾಗಿ ಹಳೆಯ ಪಿಂಚಣಿಗೆ ಬಾಧ್ಯರಾದರೆ, ಯಾವುದೋ ಮೇಜಿನ ಮೇಲೆ ಕಡತ ಕುಳಿತ ಕಾರಣಕ್ಕೆ ಏಪ್ರಿಲ್‌ನಲ್ಲಿ ಹಾಜರಾದವರ ಸಂಬಳ ಚೀಟಿಯಲ್ಲಿ ಎನ್‌ಪಿಎಸ್ ಕಡಿತದ ಸಾಲು ವರ್ಷಗಟ್ಟಲೆ ಉಳಿಯಿತು. ವಿಳಂಬ ಸರ್ಕಾರದ್ದು, ದಂಡ ನೌಕರನದ್ದು.

ಚಳವಳಿ ಮತ್ತೆ ತಲೆಯೆತ್ತಿದ್ದು 2022ರಲ್ಲಿ. ಆ ವರ್ಷದ ಬಜೆಟ್‌ನಲ್ಲಿ ರಾಜಸ್ಥಾನದ ಅಶೋಕ್ ಗೆಹ್ಲೋಟ್ ಸರ್ಕಾರ ಹಳೆಯ ಪಿಂಚಣಿಗೆ ಮರಳುವುದಾಗಿ ಸಾರಿತು. ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್ ಅದೇ ಹಾದಿಯಲ್ಲಿ ಘೋಷಣೆ ಮಾಡಿದವು. ಹಿಮಾಚಲ ಪ್ರದೇಶದ ಚುನಾವಣೆಯಲ್ಲಿ ಇದೇ ಮುಖ್ಯ ವಿಷಯವಾಗಿ, ಗೆದ್ದ ಕಾಂಗ್ರೆಸ್ 2023ರ ಜನವರಿಯಲ್ಲಿ ಮೊದಲ ಸಂಪುಟ ಸಭೆಯಲ್ಲೇ ಒಪ್ಪಿಗೆ ನೀಡಿತು. ಆದರೆ ಅದುವರೆಗೆ ಕಟ್ಟಿದ ವಂತಿಗೆಯನ್ನು ರಾಜ್ಯಗಳಿಗೆ ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಪಟ್ಟು ಹಿಡಿಯಿತು. ಹಾಗಾಗಿ ರಾಜ್ಯಗಳು ಮರಳಿದವು, ಅವುಗಳ ನೌಕರರ ದುಡ್ಡು ಮರಳಲಿಲ್ಲ.

ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತರು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದಾಗ, ಬಸವರಾಜ ಬೊಮ್ಮಾಯಿ ಸರ್ಕಾರ ಅದೇ ದಿನ ಶೇ 17ರ ಮಧ್ಯಂತರ ಪರಿಹಾರವನ್ನೂ, ಪಿಂಚಣಿಯ ಅಧ್ಯಯನಕ್ಕೆ ಸಮಿತಿಯನ್ನೂ ಪ್ರಕಟಿಸಿತು. ಮುಷ್ಕರ ಅಂದೇ ಮುಗಿಯಿತು. ಸಂಬಳದ ಬೇಡಿಕೆಗೆ ರೂಪಾಯಿಯೂ ಪಿಂಚಣಿಯ ಬೇಡಿಕೆಗೆ ಸಮಿತಿಯೂ ದಕ್ಕಿದ ಆ ದಿನದ ಒಪ್ಪಂದವನ್ನು ಗೆಲುವೆಂದು ಕರೆಯುವುದು ಕಷ್ಟ. ಸರ್ಕಾರ ಬದಲಾದ ಮೇಲೆ, 2024ರ ಜನವರಿಯಲ್ಲಿ, ಸಿದ್ದರಾಮಯ್ಯ ಸರ್ಕಾರವು 2006ರ ಏಪ್ರಿಲ್‌ಗೂ ಮೊದಲೇ ನೇಮಕಾತಿ ಅಧಿಸೂಚನೆ ಹೊರಟಿದ್ದು ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿಯ ವ್ಯಾಪ್ತಿಗೆ ತಂದಿತು. ಹದಿನೆಂಟು ವರ್ಷಗಳ ತರುವಾಯ ಒಂದು ಅನ್ಯಾಯವಷ್ಟೇ ಸರಿಹೋಯಿತು.

ಹಳೆಯ ಪದ್ಧತಿಯನ್ನು ವಿರೋಧಿಸುವವರ ಬಳಿ ಕಾರಣಗಳಿಲ್ಲ ಎಂದಲ್ಲ. ಎಲ್ಲ ರಾಜ್ಯಗಳೂ ಹಿಂದಿರುಗಿದರೆ ಬೊಕ್ಕಸದ ಮೇಲಿನ ಒಟ್ಟು ಹೊರೆ ಎನ್‌ಪಿಎಸ್‌ನ 4.5 ಪಟ್ಟಿನವರೆಗೂ ಹೋಗಬಹುದೆಂದು ಭಾರತೀಯ ರಿಸರ್ವ್ ಬ್ಯಾಂಕಿನ ಬುಲೆಟಿನ್‌ನ 2023ರ ಸೆಪ್ಟೆಂಬರ್ ಸಂಚಿಕೆಯ ಲೇಖನವೊಂದು ಅಂದಾಜಿಸಿತು. ದೇಶದ ಬಹುಪಾಲು ದುಡಿಯುವವರಿಗೆ ಯಾವ ಪಿಂಚಣಿಯೂ ಇಲ್ಲವೆಂಬುದೂ ಅಷ್ಟೇ ಸತ್ಯ. ಆದರೆ ಕೊಟ್ಟ ಮಾತಿಗೆ ನಿಧಿ ಕೂಡಿಡದ ತಪ್ಪು ಸರ್ಕಾರಗಳದ್ದಾಗಿರುವಾಗ, ಅದರ ಪರಿಹಾರವನ್ನು ನೌಕರನ ಮುಪ್ಪಿನಿಂದ ವಸೂಲು ಮಾಡುವುದು ನ್ಯಾಯವಲ್ಲ.

ಒತ್ತಡಕ್ಕೆ ಮಣಿದ ಕೇಂದ್ರ, ಟಿ.ವಿ. ಸೋಮನಾಥನ್ ಸಮಿತಿಯ ಶಿಫಾರಸಿನ ಮೇಲೆ 2024ರ ಆಗಸ್ಟ್ 24ರಂದು ಏಕೀಕೃತ ಪಿಂಚಣಿ ಯೋಜನೆಯನ್ನು ಘೋಷಿಸಿತು. 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿ, ಜೊತೆಗೆ ತುಟ್ಟಿಪರಿಹಾರದ ಖಾತರಿಯನ್ನು ಅದು ಕೊಡುತ್ತದೆ. ನೌಕರನ ಶೇ 10ರ ವಂತಿಗೆ ಮುಂದುವರಿಯುತ್ತದೆ. ಭಟ್ಟಾಚಾರ್ಯ ತಂಡ ತೋರಿಸಿದ್ದ ಮಿಶ್ರ ಮಾದರಿಯ ಸಮೀಪಕ್ಕೆ ಸರ್ಕಾರ ಬಂದು ತಲುಪಲು ಇಪ್ಪತ್ತೆರಡು ವರ್ಷ ಬೇಕಾಯಿತು. ಎನ್‌ಪಿಎಸ್ ಬಿಟ್ಟು ಈ ಯೋಜನೆಗೆ ಸೇರುವ ಆಯ್ಕೆಯ ಗಡುವನ್ನು ಮತ್ತೆ ಮತ್ತೆ ಮುಂದೂಡಬೇಕಾಗಿ ಬಂದದ್ದು, ನೌಕರರಲ್ಲಿ ಉಳಿದಿರುವ ಅಪನಂಬಿಕೆಯನ್ನು ತೋರಿಸುತ್ತದೆ.

ಆ ಅಪನಂಬಿಕೆಗೆ ಆಧಾರವಿದೆ. 2025ರ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹಣಕಾಸು ಕಾಯ್ದೆಯ ಒಂದು ಭಾಗ, ನಿವೃತ್ತಿಯ ದಿನಾಂಕವನ್ನು ಆಧರಿಸಿ ಪಿಂಚಣಿದಾರರನ್ನು ವರ್ಗೀಕರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆಯೆಂದೂ, 1972ರ ಜೂನ್ 1ರಿಂದಲೇ ಇತ್ತೆಂದೂ ಪೂರ್ವಾನ್ವಯವಾಗಿ ಸಾರಿತು. ಈಗಿನ ನಿವೃತ್ತರ ಪಿಂಚಣಿಗೆ ಇದರಿಂದ ಧಕ್ಕೆಯಿಲ್ಲವೆಂದು ಹಣಕಾಸು ಸಚಿವರು ಭರವಸೆ ಕೊಟ್ಟಿದ್ದಾರೆ. ಆದರೂ ನಾಕರಾ ತೀರ್ಪು ಅಳಿಸಿದ್ದ ಗೆರೆಯನ್ನು ಮತ್ತೆ ಎಳೆಯುವ ಬಳಪ ಸರ್ಕಾರದ ಕೈಗೆ ಬಂದಂತಾಗಿದೆ, ಅದೂ ರಾಜ್ಯಸಭೆ ತಿದ್ದಲಾಗದ ಹಣಕಾಸು ಮಸೂದೆಯ ಒಳಗೆ ಸೇರಿಕೊಂಡು. ಆ ಭಾಗವನ್ನು ಹಿಂತೆಗೆದುಕೊಂಡು, ಬೇಕಿದ್ದರೆ ಪ್ರತ್ಯೇಕ ಮಸೂದೆಯಾಗಿ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದಿಟ್ಟು, ನೌಕರರ ಮತ್ತು ನಿವೃತ್ತರ ಸಂಘಗಳ ಅಹವಾಲನ್ನು ಕೇಳಿದ ಮೇಲೆಯೇ ತೀರ್ಮಾನಿಸಬೇಕೆಂದು ಕರ್ನಾಟಕದ ಸಂಸದರು, ಅವರು ಯಾವ ಪಕ್ಷದವರೇ ಆಗಿರಲಿ, ಸದನದಲ್ಲಿ ಒತ್ತಾಯಿಸಬೇಕು.