ಗಪ್ಪಿ ಯಾವುದು, ಗ್ಯಾಂಬೂಸಿಯಾ ಯಾವುದು?

ಗಾಜಿನ ತೊಟ್ಟಿಯಲ್ಲಿ ಬೂದು ಬಣ್ಣದ, ಬೆರಳುದ್ದವೂ ಇಲ್ಲದ ಮೀನೊಂದು ನೀರಿನ ಮೇಲ್ಮೈಯಲ್ಲಿ ಸುಳಿದಾಡುತ್ತಿದೆ. ಅದರ ಹೆಸರೇನೆಂದು ಮಗು ಕೇಳಿದರೆ ಮನೆಯ ಹಿರಿಯರು 'ಗಪ್ಪಿ' ಎಂದುಬಿಡುತ್ತಾರೆ. ಅದು ಗಪ್ಪಿಯೇ ಇರಬಹುದು. ಅದೇ ಕುಟುಂಬಕ್ಕೆ ಸೇರಿದ ಗ್ಯಾಂಬೂಸಿಯಾ ಕೂಡ ಇರಬಹುದು. ಹೆಸರು ತಪ್ಪಿದರೇನಂತೆ ಎಂದು ಸುಮ್ಮನಿರುವ ಹಾಗಿಲ್ಲ. ಸಾಕಿ ಬೇಸರವಾದ ಮೇಲೆ ಇಂಥ ಮೀನುಗಳನ್ನು ಸಮೀಪದ ಕೆರೆಗೋ ಹಳ್ಳಕ್ಕೋ ಸುರಿಯುವವರೂ ಉಂಟು.

ಮೀನಿನ ಗುರುತು ಹಿಡಿಯುವಾಗ ಬಣ್ಣವನ್ನು ಕೊನೆಗೆ ನೋಡಬೇಕು. ವಯಸ್ಸು, ಆಹಾರ, ಬೆಳಕು, ಹೆದರಿಕೆ ಇವುಗಳಿಂದ ಬಣ್ಣ ಬದಲಾಗುತ್ತದೆ. ದೇಹದ ಆಕಾರ, ಬಾಯಿ, ಈಜುರೆಕ್ಕೆ, ಬಾಲ ಇವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಈ ಎರಡೂ ಮೀನುಗಳ ಬಾಯಿ ಮೇಲ್ಮುಖವಾಗಿದೆ. ನೀರಿನ ಮೇಲ್ಮೈಯಲ್ಲಿರುವ ಸೊಳ್ಳೆಮರಿಗಳನ್ನು ಹಿಡಿಯಲು ಅದು ಅನುಕೂಲ. ಎರಡೂ ಮೊಟ್ಟೆಯಿಡದೆ ಮರಿ ಹಾಕುತ್ತವೆ. ಗಂಡಿನ ಹೊಟ್ಟೆಯ ಹಿಂಭಾಗದ ಈಜುರೆಕ್ಕೆ ಕಡ್ಡಿಯಂತೆ ಸಪೂರ, ಹೆಣ್ಣಿನದು ಅಗಲ. ಗಂಡು ಗಪ್ಪಿ ಸುಮಾರು 3 ಸೆಂ.ಮೀ. ಉದ್ದ, ಬಣ್ಣಬಣ್ಣದ ಬಾಲವೇ ಅದರ ಗುರುತು. ಗಂಡು ಗ್ಯಾಂಬೂಸಿಯಾಕ್ಕೆ ಆ ಬೆಡಗಿಲ್ಲ.

ತೊಡಕು ಇರುವುದು ಹೆಣ್ಣುಗಳಲ್ಲಿ. ಎರಡೂ ಬೂದು, ಎರಡೂ 5-6 ಸೆಂ.ಮೀ. ಉದ್ದ. ಆಗ ಬಾಲವನ್ನು ನೋಡಬೇಕು. ಗ್ಯಾಂಬೂಸಿಯಾದ ಬಾಲ ಮತ್ತು ಬೆನ್ನಿನ ಈಜುರೆಕ್ಕೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿರುತ್ತವೆ. ಸಾಧಾರಣ ಹೆಣ್ಣು ಗಪ್ಪಿಯ ಬಾಲದಲ್ಲಿ ಅಂಥ ಸಾಲುಗಳಿಲ್ಲ. ತಲೆಯ ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಹೊಳೆಯುತ್ತಿದ್ದರೆ ಅದು ಇವೆರಡೂ ಅಲ್ಲ. ನಮ್ಮ ನಾಡಿನದೇ ಆದ, ಮೊಟ್ಟೆಯಿಡುವ ಪ್ಯಾಂಚಾಕ್ಸ್ ಮೀನು.

ಸೊಳ್ಳೆಯ ಕಾಟ ತಡೆಯಲೆಂದು ಗ್ಯಾಂಬೂಸಿಯಾವನ್ನು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಲಾಯಿತು. ಮುಚ್ಚಿದ ತೊಟ್ಟಿಯಲ್ಲಿ ಅದು ಉಪಕಾರಿ. ಹೊರಗಿನ ನೀರಿನಲ್ಲಿ ಮಾತ್ರ ಬೇರೆ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಜಗತ್ತಿನ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಪ್ಪಿಯೂ ಹೊರನಾಡಿನದೇ. ಎರಡರಲ್ಲಿಯೂ ಬಸುರಿಯಾದ ಒಂದು ಹೆಣ್ಣು ಸಾಕು, ಹೊಸ ನೀರಿನಲ್ಲಿ ಸಂಸಾರ ಹೂಡಲು.

ಬೀದರ್ ನಗರದ ಮನೆಯೊಂದರ ತೊಟ್ಟಿಯ ಮೀನು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯಕ್ಕೆ ಬಿದ್ದಿತೆನ್ನಿ. ಕಾರಂಜಾ ನದಿ ಮಾಂಜ್ರಾವನ್ನು ಸೇರುತ್ತದೆ. ಔರಾದ್ ತಾಲ್ಲೂಕಿಗೂ ನೀರುಣಿಸುವ ಮಾಂಜ್ರಾ ಮುಂದೆ ಗೋದಾವರಿಯನ್ನು ಸೇರುತ್ತದೆ. ಒಮ್ಮೆ ಹೊಳೆ ಸೇರಿದ ಮೀನನ್ನು ಮರಳಿ ಹಿಡಿದು ತರುವವರು ಯಾರು?

ವಿದ್ಯಾರ್ಥಿಗಳು ಮೀನನ್ನು ಸ್ವಲ್ಪ ಹೊತ್ತು ಪಾರದರ್ಶಕ ಗಾಜಿನ ಭರಣಿಯಲ್ಲಿರಿಸಿ, ಹಿಂದೆ ಬಿಳಿ ಕಾಗದ ಹಿಡಿದು ಭೂತಗನ್ನಡಿಯಿಂದ ನೋಡಬಹುದು. ಬಾಯಿ, ನೆತ್ತಿ, ಈಜುರೆಕ್ಕೆ, ಬಾಲದ ಚುಕ್ಕೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು. ಮೀನು ಬೇಡವಾದರೆ ಸಾಕುವ ಗೆಳೆಯರಿಗೋ ಅಂಗಡಿಗೋ ಕೊಡುವುದು ಲೇಸು. ಹೆಸರು ಕೊನೆಗೂ ತಿಳಿಯದಿದ್ದರೆ ಚಿಂತೆಯಿಲ್ಲ; ಹೆಸರು ತಿಳಿಯದ ಮೀನು ಹೊಳೆಗೆ ಹೋಗದಿದ್ದರೆ ಸಾಕು.